ಎಂಟು ವರ್ಷದ ವಟುವಿನ ಹೋಂವರ್ಕ್

ಮೂರನೆಯ ತರಗತಿಯ ಮಗುವಿರುವ ಮನೆಗೆ ಸಂಜೆ ಏಳರ ಮೇಲೆ ಫೋನ್ ಮಾಡಿದರೆ ಆ ಕಡೆಯಿಂದ ಹೆಚ್ಚುಕಡಿಮೆ ಒಂದೇ ಬಗೆಯ ಉತ್ತರ ಬರುತ್ತದೆ: ‘ಈಗ ಮಾತಾಡೋಕಾಗಲ್ಲ, ನಾಳೆ ನಮಗೆ ಗಣಿತದ ಟೆಸ್ಟು, ಇವಿಎಸ್ ಪ್ರಾಜೆಕ್ಟ್ ಬೇರೆ ಬಾಕಿ ಇದೆ.’ ಟೆಸ್ಟು ಇರುವುದು ಮಗುವಿಗೆ. ಆದರೂ ಆ ‘ನಮಗೆ’ ಬಾಯಿತಪ್ಪಿ ಬಂದದ್ದಲ್ಲ. ಎರಡು ಗಂಟೆ ನೆಲದ ಮೇಲೆ ಚಕ್ಕಳಮಕ್ಕಳ ಕೂತು, ಪೆನ್ಸಿಲ್ ಚೂಪು ಮಾಡಿ, ರಬ್ಬರ್ ಹುಡುಕಿ, ಗದರಿ, ಮುದ್ದಿಸಿ, ಕೊನೆಗೆ ತಾನೇ ನಾಲ್ಕು ಸಾಲು ಗೀಚಿದವರ ಬಾಯಲ್ಲಿ ಸಹಜವಾಗಿ ಹುಟ್ಟುವ ಬಹುವಚನ ಅದು. ಹೋಂವರ್ಕ್ ಎಂಬುದನ್ನು ಕನ್ನಡಕ್ಕೆ ತರಲು ಹೊರಟರೂ ಇದೇ ತೊಡಕು ಎದುರಾಗುತ್ತದೆ. ‘ಮನೆಗೆಲಸ’ ಎಂದರೆ ಕಸ ಮುಸುರೆ ಕಣ್ಣಿಗೆ ಬರುತ್ತದೆ, ‘ಮನೆಪಾಠ’ ಎಂದರೆ ಟ್ಯೂಷನ್. ಶಾಲೆ ಕೊಟ್ಟದ್ದು, ಮನೆಯಲ್ಲಿ ಆಗಬೇಕಾದದ್ದು, ಮಗುವಿನ ಹೆಸರಿನಲ್ಲಿರುವುದು, ದೊಡ್ಡವರ ಸಂಜೆಯನ್ನು ತಿನ್ನುವುದು. ಇಂಥದ್ದಕ್ಕೆ ನಮ್ಮಲ್ಲಿ ಹೆಸರಿಲ್ಲ. ಈ ಕೆಲಸದ ಕರ್ತೃ ಯಾರು, ಇದರ ಫಲ ಯಾರಿಗೆ ಎಂದು ಕೇಳಿದರೆ ಮಕ್ಕಳ ಮನಶ್ಶಾಸ್ತ್ರದ ಪುಸ್ತಕಕ್ಕಿಂತ ಮೊದಲು ಮೀಮಾಂಸೆಯ ಪುಸ್ತಕ ತೆರೆಯಬೇಕಾಗುತ್ತದೆ.

ಮೀಮಾಂಸಕರು ಸಾವಿರ ವರ್ಷಕ್ಕೂ ಹಿಂದೆಯೇ ಈ ವಿಷಯಕ್ಕೆ ಜಗಳವಾಡಿದ್ದಾರೆ. ವೇದಾಧ್ಯಯನ ಮಾಡತಕ್ಕದ್ದು ಎಂಬ ವಿಧಿ ಯಾರ ಮೇಲಿದೆ ಎನ್ನುವುದು ಜಗಳದ ಮೂಲ. ಕುಮಾರಿಲ ಭಟ್ಟನ ಕಡೆಯವರು ಅದು ಓದುವವನ ಮೇಲೆ ಎಂದರು. ಪ್ರಭಾಕರನ ಕಡೆಯವರು ಒಪ್ಪಲಿಲ್ಲ. ಎಂಟು ವರ್ಷದ ಹುಡುಗನನ್ನು ಹತ್ತಿರ ಕರೆದು ಉಪನಯನ ಮಾಡಿ ಓದಿಸಬೇಕು ಎಂದಿದೆಯಲ್ಲ, ಆ ವಯಸ್ಸಿನ ವಟುವಿಗೆ ವಿಧಿ ಎಂದರೇನೆಂದೇ ತಿಳಿಯದು, ತನಗೆ ಕರ್ತವ್ಯವಿದೆ ಎಂದು ಅವನು ಅರಿಯುವುದಾದರೂ ಹೇಗೆ, ಆದ್ದರಿಂದ ವಿಧಿ ಇರುವುದು ಓದಿಸುವವನಿಗೆ ಎಂಬುದು ಅವರ ವಾದ. ಓದಿಸಿದರೆ ತಾನೇ ಅವನು ಆಚಾರ್ಯನಾಗುವುದು? ಆಚಾರ್ಯನಾಗಬೇಕೆಂಬ ಅವನ ಬಯಕೆಯೇ ಗಾಡಿಯನ್ನು ಎಳೆಯುತ್ತದೆ, ಹುಡುಗನ ಓದು ಅದರ ಹಿಂದೆ ಉರುಳುತ್ತದೆ. ಕಲಬುರಗಿ ಸೀಮೆಯ ನಾಗಾವಿಯ ಘಟಿಕಾಸ್ಥಾನದಲ್ಲಿ ಭಾಟ್ಟ ಮತ್ತು ಪ್ರಾಭಾಕರ ಮತಗಳೆರಡನ್ನೂ ಕಲಿಸಲು ಉಪಾಧ್ಯಾಯರಿದ್ದರೆಂದು 1058ರ ಶಾಸನ ಹೇಳುತ್ತದೆ. ಅಂದರೆ ಈ ಜಗಳ ನಮ್ಮ ನೆಲದಲ್ಲಿ ಪಠ್ಯವಾಗಿಯೇ ಇತ್ತು. ಆ ವಟುವಿನ ಸಾಲಿನಲ್ಲಿ ಹೆಣ್ಣುಮಕ್ಕಳಿರಲಿಲ್ಲ, ಬಹುಪಾಲು ಗಂಡುಮಕ್ಕಳೂ ಇರಲಿಲ್ಲ ಎಂಬುದನ್ನು ಮರೆತು ಆ ಶಾಸ್ತ್ರವನ್ನು ಓದಬಾರದು. ಇವತ್ತು ಆರರಿಂದ ಹದಿನಾಲ್ಕರವರೆಗಿನ ಎಲ್ಲ ಮಕ್ಕಳಿಗೂ ಶಿಕ್ಷಣವನ್ನು ಹಕ್ಕಾಗಿಸಿದ 2009ರ ಕಾಯ್ದೆಯ ಕಾಲದಲ್ಲಿ, ಎಂಟು ವರ್ಷದ ಪ್ರತಿ ಮಗುವಿನ ಮುಂದೆಯೂ ಆ ಹಳೆಯ ಪ್ರಶ್ನೆ ಹೊಸದಾಗಿ ಕೂತಿದೆ.

ಪ್ರಾಭಾಕರರ ಮಾತು ಮೊದಲಿಗೆ ವಿಚಿತ್ರ ಅನ್ನಿಸಿದರೂ ಇವತ್ತಿನ ಮನೆಯನ್ನು ಕಂಡವರಿಗೆ ಅದು ಎಷ್ಟು ಚುರುಕಾದ ರೋಗನಿದಾನ ಎಂದು ಗೊತ್ತಾಗುತ್ತದೆ. ಮಗುವಿಗೆ ಮಗ್ಗಿ ಬೇಕಿಲ್ಲ. ‘ಚೆನ್ನಾಗಿ ಓದಿಸುವ ತಾಯಿ’ ಎನಿಸಿಕೊಳ್ಳುವುದು ತಾಯಿಗೆ ಬೇಕಾಗಿದೆ, ಪೇರೆಂಟ್ಸ್ ಮೀಟಿಂಗಿನಲ್ಲಿ ತಲೆ ತಗ್ಗಿಸದಿರುವುದು ತಂದೆಗೆ ಬೇಕಾಗಿದೆ. ಎಂಟು ವರ್ಷದ ಮಗು ತನ್ನಷ್ಟಕ್ಕೆ ಹೋಂವರ್ಕನ್ನು ಕರ್ತವ್ಯವೆಂದು ಬಗೆದು ಕೂರುವುದಿಲ್ಲ, ಕೂರಿಸುವವರು ಬೇಕು ಎಂಬಲ್ಲಿಯವರೆಗೆ ಪ್ರಾಭಾಕರರು ಸರಿ. ಆದರೆ ಕೂರಿಸುವುದು ಬೇರೆ, ಕೂರುವುದು ಬೇರೆ. ಕನ್ನಡ ವ್ಯಾಕರಣ ಇದನ್ನು ಒಂದೇ ಪ್ರತ್ಯಯದಲ್ಲಿ ತೋರಿಸಿಬಿಡುತ್ತದೆ: ಓದು–ಓದಿಸು, ಕಲಿ–ಕಲಿಸು, ಬರೆ–ಬರೆಸು. ‘ಬರೆಸಿದಳು’ ಎಂದಾಗ ಬರೆದ ಕೈ ಇನ್ನೊಂದು ಎಂದು ಭಾಷೆಯೇ ಹೇಳುತ್ತದೆ. ಹಿರಿಯರ ನೆರವು ಈ ‘ಇಸು’ವಿನ ಒಳಗೆ ಇರುವವರೆಗೆ ನೆರವು. ಅವಸರದಲ್ಲಿ, ಸುಸ್ತಿನಲ್ಲಿ, ಅಭಿಮಾನದಲ್ಲಿ ಅದು ಆ ಪ್ರತ್ಯಯವನ್ನು ಕಳಚಿಕೊಂಡು ಬರೀ ‘ಬರೆ’ ಆದ ಕ್ಷಣದಲ್ಲಿ ಕರ್ತೃ ಬದಲಾಗುತ್ತಾನೆ, ಕೆಲಸ ಮುಗಿದರೂ ಮಗುವಿನ ಪಾಲಿಗೆ ಅದು ನಡೆದೇ ಇರುವುದಿಲ್ಲ.

ಇದಕ್ಕೆ ನಮ್ಮ ಧಾರ್ಮಿಕ ಆಚರಣೆಯಿಂದಲೇ ಒಂದು ಬಲವಾದ ಆಕ್ಷೇಪ ಎತ್ತಬಹುದು. ಒಬ್ಬರ ಪರವಾಗಿ ಇನ್ನೊಬ್ಬರು ಮಾಡುವುದು ನಮಗೆ ಹೊಸದೇ? ಯಜ್ಞದಲ್ಲಿ ಆಹುತಿ ಹಾಕುವವರು, ಮಂತ್ರ ಹೇಳುವವರು ಋತ್ವಿಜರು. ಫಲ ಮಾತ್ರ ದಕ್ಷಿಣೆ ಕೊಟ್ಟು ಸಂಕಲ್ಪ ಮಾಡಿದ ಯಜಮಾನನಿಗೆ. ದೇವಸ್ಥಾನದಲ್ಲಿ ಗೋತ್ರ ನಕ್ಷತ್ರ ಹೇಳಿ ಚೀಟಿ ಕೊಟ್ಟರೆ ಅರ್ಚನೆ ಮಾಡುವವರು ಅರ್ಚಕರು. ಹಾಗಿದ್ದಮೇಲೆ ಮಗ ಸಂಕಲ್ಪ ಮಾಡಿ ಪಕ್ಕದಲ್ಲಿ ಕೂತಿದ್ದು, ಅಪ್ಪ ಋತ್ವಿಜನಾಗಿ ಪ್ರಾಜೆಕ್ಟ್ ಮುಗಿಸಿದರೆ ತಪ್ಪೇನು? ಉತ್ತರವೂ ಮೀಮಾಂಸೆಯಲ್ಲೇ ಇದೆ. ಫಲದಲ್ಲಿ ಎರಡು ಬಗೆ: ಕಣ್ಣಿಗೆ ಕಾಣುವ ದೃಷ್ಟಫಲ, ಕಾಣದ ಅದೃಷ್ಟಫಲ. ಸ್ವರ್ಗ, ಪುಣ್ಯ ಮುಂತಾದವು ಕಾಣದವು. ಅವು ಯಾರಿಗೆ ಸೇರಬೇಕೆಂದು ಶಾಸ್ತ್ರ ಹೇಳಬಹುದು, ಸಂಕಲ್ಪ ಗೊತ್ತುಮಾಡಬಹುದು. ಕಾಣುವ ಫಲಕ್ಕೆ ಆ ಸ್ವಾತಂತ್ರ್ಯವಿಲ್ಲ, ಅದು ಕ್ರಿಯೆ ನಡೆದಲ್ಲೇ ಉಳಿಯುತ್ತದೆ. ಉಂಡವನ ಹಸಿವು ಮಾತ್ರ ಹೋಗುತ್ತದೆ, ಉಣಿಸಲು ದುಡ್ಡು ಕೊಟ್ಟವನದ್ದಲ್ಲ. ಗಮನಿಸಬೇಕಾದ ಸಂಗತಿಯೆಂದರೆ, ವೇದಾಧ್ಯಯನದಂಥ ಪವಿತ್ರ ಕರ್ಮದ ವಿಷಯದಲ್ಲೂ ಭಾಟ್ಟರು ಪುಣ್ಯದ ಕಡೆಗೆ ಓಡಲಿಲ್ಲ. ಅರ್ಥಜ್ಞಾನ ಎಂಬ ಕಾಣುವ ಫಲ ಸಿಗುತ್ತಿರುವಾಗ ಕಾಣದ ಫಲವನ್ನು ಕಲ್ಪಿಸಿಕೊಳ್ಳುವುದು ನ್ಯಾಯವಲ್ಲ ಎಂದರು. ಓದಿನ ಫಲ ತಿಳಿವಳಿಕೆ, ಅದು ಓದಿದವನಿಗೆ. ಇಲ್ಲಿ ಋತ್ವಿಜರಿಗೆ ಕೆಲಸವಿಲ್ಲ. ಹಾಗೆ ನೋಡಿದರೆ ನಾವು ಹೋಂವರ್ಕನ್ನು ಯಜ್ಞದ ಸಾಲಿಗೆ ಸೇರಿಸಿರುವುದೇ ತಪ್ಪು: ಡೈರಿಯಲ್ಲಿ ಮಿಸ್ ಹಾಕುವ ಕೆಂಪು ಟಿಕ್ ಗುರುತು ಒಂದು ಅದೃಷ್ಟಫಲದಂತೆ, ಯಾರು ಮಾಡಿದರೂ ಹೆಸರಿದ್ದವರಿಗೆ ದಕ್ಕುತ್ತದೆ. ಥರ್ಮೋಕೋಲಿನ ಸೌರಮಂಡಲ, ಐಸ್‌ಕ್ರೀಂ ಕಡ್ಡಿಯ ಗುಡಿಸಲು ಎಲ್ಲವೂ ಈ ಟಿಕ್ಕಿಗಾಗಿ ನಡೆಯುವ ಹೋಮ. ಮಾಡಿದ್ದು ಅಪ್ಪ ಎಂದು ಮಿಸ್‌ಗೂ ಗೊತ್ತು, ಮಗುವಿಗೂ ಗೊತ್ತು, ಮೇಲೆ ಅಂಟಿಸಿದ ಹೆಸರಿನ ಚೀಟಿ ಮಾತ್ರ ಬೇರೆ. ಮಗು ಆ ದಿನ ಗ್ರಹಗಳ ಹೆಸರು ಕಲಿಯದಿದ್ದರೂ ಎಲ್ಲರೂ ಒಪ್ಪಿಕೊಂಡ ಸುಳ್ಳು ಸುಳ್ಳಲ್ಲ ಎಂಬುದನ್ನಂತೂ ಕಲಿಯುತ್ತದೆ.

ವಿದ್ಯೆಯನ್ನು ನಾವು ‘ಕೊಡುವ’ ವಸ್ತುವೆಂದು ನಂಬಿರುವುದು ಈ ತಪ್ಪಿಗೆ ಇನ್ನೊಂದು ಕಾರಣ. ವಿದ್ಯಾದಾನ ಎಂಬ ಮಾತೇ ಇದೆಯಲ್ಲ. ಧರ್ಮಶಾಸ್ತ್ರದ ನಿಬಂಧಕಾರರು ದಾನಕ್ಕೆ ಕೊಡುವ ಲಕ್ಷಣದಲ್ಲಿ ಎರಡು ತುಂಡುಗಳಿವೆ: ಕೊಡುವವನ ಒಡೆತನ ಅಳಿಯಬೇಕು, ಪಡೆಯುವವನ ಒಡೆತನ ಹುಟ್ಟಬೇಕು. ವಿದ್ಯಾದಾನದಲ್ಲಿ ಮೊದಲನೆಯದು ಆಗುವುದಿಲ್ಲ, ಕಲಿಸಿದವನು ಏನನ್ನೂ ಕಳೆದುಕೊಳ್ಳುವುದಿಲ್ಲ. ಇದನ್ನು ಎಲ್ಲರೂ ಸಂತೋಷದಿಂದ ಹೇಳುತ್ತಾರೆ; ಕಳ್ಳ ಕದಿಯಲಾರ, ಅರಸ ಕಸಿಯಲಾರ, ಅಣ್ಣತಮ್ಮಂದಿರು ಪಾಲು ಕೇಳಲಾರರು ಎಂಬ ಸುಭಾಷಿತ ಶಾಲೆಯ ಗೋಡೆಯ ಮೇಲೂ ಇರುತ್ತದೆ. ಆದರೆ ಆ ಸುಭಾಷಿತದ ಬೆನ್ನಮೇಲೆ ಬರೆದದ್ದನ್ನು ಯಾರೂ ಓದುವುದಿಲ್ಲ. ಒಬ್ಬನಿಂದ ಕಿತ್ತು ತೆಗೆಯಲಾಗದ ವಸ್ತುವನ್ನು ಇನ್ನೊಬ್ಬನೊಳಗೆ ಇಡಲೂ ಆಗುವುದಿಲ್ಲ. ಕಳ್ಳನ ಕೈಗೆ ಎಟುಕದ್ದು ಅಪ್ಪನ ಕೈಗೂ ಎಟುಕದು. ಹೀಗೆ ದಾನದ ಎರಡನೆಯ ತುಂಡೂ, ಅಂದರೆ ಪಡೆಯುವವನಲ್ಲಿ ಒಡೆತನ ಹುಟ್ಟಿಸುವುದೂ, ಕೊಡುವವನ ವಶದಲ್ಲಿಲ್ಲ.

ನೈಯಾಯಿಕ ಇಲ್ಲಿ ಅಡ್ಡ ಬರುತ್ತಾನೆ, ಬರಬೇಕು. ಆಪ್ತವಾಕ್ಯ ಪ್ರಮಾಣವಲ್ಲವೇ? ನಂಬಬಲ್ಲವನು ಹೇಳಿದ ಮಾತಿನಿಂದ ಕೇಳಿದವನಿಗೆ ಜ್ಞಾನ ಬರುವುದಿಲ್ಲವೇ? ಬರುತ್ತದೆ. ಪರಿಸರ ಅಧ್ಯಯನದ ಪುಸ್ತಕದಲ್ಲಿ ‘ಹಿರಿಯರನ್ನು ಕೇಳಿ ಬರೆ’ ಎನ್ನುವ ಪ್ರಶ್ನೆಗಳಿರುತ್ತವೆ: ಅವರು ಚಿಕ್ಕವರಿದ್ದಾಗ ಆಡುತ್ತಿದ್ದ ಆಟ, ನೀರು ತರುತ್ತಿದ್ದ ಕಡೆ, ಊಟಕ್ಕೆ ಬಳಸುತ್ತಿದ್ದ ಧಾನ್ಯ. ಇಲ್ಲಿ ಅಜ್ಜಿಯೇ ಪ್ರಮಾಣ, ಅವಳು ಕೈತುಂಬ ಕೊಡಲಿ. (ಅಜ್ಜಿ ಹಜಾರದಲ್ಲೇ ಕೂತಿರುವಾಗ ಗೂಗಲ್ ನೋಡಿ ಈ ಉತ್ತರ ಬರೆಸುವ ಮನೆಗಳೂ ಇವೆ.) ಬುಧ ಸೂರ್ಯನಿಗೆ ಹತ್ತಿರದ ಗ್ರಹ ಎಂಬುದನ್ನು ಮಗು ತಪಸ್ಸಿನಿಂದ ಕಂಡುಕೊಳ್ಳಬೇಕಿಲ್ಲ, ಹೇಳಿದರಾಯಿತು. ಹೇಳಿ ತಿಳಿಸಬಹುದಾದ ಸಂಗತಿಯನ್ನು ಒಗಟು ಮಾಡಿ ಕಾಡಿಸುವುದು ಕೂಡ ಒಂದು ಬಗೆಯ ಜಂಭವೇ. ಆದರೆ ಕಳೆಯುವುದು, ಓದುವುದು, ಒತ್ತಕ್ಷರ ಬರೆಯುವುದು ಸಂಗತಿಗಳಲ್ಲ, ನಡೆಗಳು. ಅವನ್ನು ಕುರಿತು ಎಷ್ಟು ಹೇಳಿದರೂ ಕೇಳಿದವನಿಗೆ ಸಿಗುವುದು ಮಾತಿನ ತಿಳಿವು ಮಾತ್ರ. ಬಾಯಿಪಾಠವೂ ಹೀಗೆಯೇ, ಆ ಪದದಲ್ಲಿರುವ ಬಾಯಿ ಮಗುವಿನದು. ವೇದವನ್ನು ಪದ, ಕ್ರಮ, ಜಟೆ, ಘನ ಎಂದು ಹಿಂದುಮುಂದು ಹೆಣೆದು ಕಂಠಸ್ಥ ಮಾಡಿಸಿದ ಪರಂಪರೆಗೂ ಗುರುವಿನ ಗಂಟಲಿನಿಂದ ಶಿಷ್ಯನ ಗಂಟಲಿಗೆ ನೇರ ದಾರಿ ಸಿಗಲಿಲ್ಲ, ಪ್ರತಿ ಅಕ್ಷರವನ್ನೂ ಶಿಷ್ಯ ತಾನೇ ಉಚ್ಚರಿಸಬೇಕಾಯಿತು.

ಕಳೆಯುವ ಲೆಕ್ಕವನ್ನೇ ಸ್ವಲ್ಪ ಹತ್ತಿರದಿಂದ ನೋಡಬೇಕು. 52ರಲ್ಲಿ 27 ಕಳೆ ಎಂದರೆ ಬಹಳ ಮಕ್ಕಳು 35 ಎಂದು ಬರೆಯುತ್ತಾರೆ. ಅವಸರದ ಅಪ್ಪನಿಗೆ ಅದು ಗಮನವಿಲ್ಲದ ತಪ್ಪು. ರಬ್ಬರಿನಿಂದ ಉಜ್ಜಿ 25 ಮಾಡಿಸುತ್ತಾನೆ. ಆದರೆ ಆ 35 ಒಂದು ತರ್ಕದಿಂದ ಬಂದಿದೆ. ಐದರಲ್ಲಿ ಎರಡು ಹೋದರೆ ಮೂರು. ಎರಡರಲ್ಲಿ ಏಳು ಹೋಗುವುದಿಲ್ಲ, ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು ಎಂದು ಮಿಸ್ ಹಿಂದಿನ ವರ್ಷವೇ ಹೇಳಿದ್ದಾರೆ, ಹಾಗಾಗಿ ಏಳರಲ್ಲಿ ಎರಡು ಕಳೆದು ಐದು. ಮಗು ನಿಯಮ ಮುರಿದಿಲ್ಲ, ಹಳೆಯ ನಿಯಮವನ್ನು ಅದು ಸಲ್ಲದ ಕಡೆಗೂ ನಿಷ್ಠೆಯಿಂದ ಒಯ್ದಿದೆ. ಉಜ್ಜಿದಾಗ ಹೋಗುವುದು ಅಂಕಿ. ತರ್ಕ ಒಳಗೇ ಉಳಿದು 63ರಲ್ಲಿ 38 ಕಳೆಯುವಾಗ ಮತ್ತೆ ತಲೆ ಎತ್ತುತ್ತದೆ. ‘ಪಕ್ಕದಿಂದ ಒಂದು ಕಡ ತಗೋ’ ಎಂದು ಹೇಳಿಕೊಟ್ಟರೂ ಪೂರ್ತಿ ಬಗೆಹರಿಯುವುದಿಲ್ಲ, ಏಕೆಂದರೆ ಆ ಕಡವನ್ನು ಯಾರೂ ಯಾವತ್ತೂ ತೀರಿಸುವುದಿಲ್ಲ, ಒಂದು ತಂದರೆ ಹತ್ತು ಆಗುವುದು ಯಾವ ಸಾಲದ ಲೆಕ್ಕವೆಂದೂ ಗೊತ್ತಾಗುವುದಿಲ್ಲ. ಇದರ ಬದಲು 35ಕ್ಕೆ 27 ಕೂಡಿಸಿ ನೋಡು ಎಂದರೆ 62 ಬರುತ್ತದೆ, 52 ಬರಬೇಕಿತ್ತಲ್ಲ ಎಂದು ಮಗು ತಾನೇ ನಿಲ್ಲುತ್ತದೆ. ಆ ನಿಲ್ಲುವಿಕೆಯೇ ಆ ಸಂಜೆಯ ಗಳಿಕೆ. ಆಮೇಲೆ ಹತ್ತರ ಕಟ್ಟೊಂದನ್ನು ಬಿಚ್ಚಿ ಬಿಡಿಯಾಗಿ ಹರಡಲು ನಾಲ್ಕು ಹಿಡಿ ಕಡ್ಡಿ ಇದ್ದರೆ ಸಾಕು. ಕನ್ನಡದಲ್ಲಿ ಅರ್ಕಾವೊತ್ತಿನ ಕಥೆಯೂ ಇಂಥದೇ. ‘ಸೂರ್ಯ’ ಎನ್ನುವಾಗ ನಾಲಿಗೆಯಲ್ಲಿ ರಕಾರ ಮೊದಲು, ಯಕಾರ ಆಮೇಲೆ. ಬರೆಯುವಾಗ ಯಕಾರ ಮೊದಲು, ರಕಾರದ ಗುರುತು ಆಮೇಲೆ. ಕೇಳಿದ ಕ್ರಮದಲ್ಲಿ ಬರೆಯಲು ಹೊರಟ ಮಗು ರಕಾರ ಬರೆದು ಕೆಳಗೆ ಯಕಾರದ ಒತ್ತು ಕೊಟ್ಟರೆ ಅದರ ಕಿವಿ ಸರಿಯಾಗಿದೆ ಎಂದರ್ಥ, ಲಿಪಿಯೇ ಇಲ್ಲಿ ವಕ್ರ. ಉಕ್ತಲೇಖನದಲ್ಲಿ ಹತ್ತಕ್ಕೆ ನಾಲ್ಕು ಬಂದ ಮಗುವಿಗೆ ತಪ್ಪುಗಳನ್ನು ತಲಾ ಇಪ್ಪತ್ತು ಸಲ ಬರೆಸುವ ಮೊದಲು, ಹೀಗೇಕೆ ಬರೆದೆ ಎಂದು ಬೈಗುಳದ ದನಿಯಿಲ್ಲದೆ ಕೇಳಲು ಅರ್ಧ ನಿಮಿಷ ಬೇಕು. ಇಡೀ ಸಂಜೆಯಲ್ಲಿ ಆ ಅರ್ಧ ನಿಮಿಷವೇ ಸಿಗುವುದಿಲ್ಲ.

ವಿದ್ಯೆ ಕೈಯಿಂದ ಕೈಗೆ ದಾಟುವುದಿಲ್ಲವಾದರೂ ದಾಟುವ ಇನ್ನೊಂದಿದೆ, ಅದು ಅಂಜಿಕೆ. ಅಮೆರಿಕದಲ್ಲಿ ಒಂದು, ಎರಡನೆಯ ತರಗತಿಯ ಮಕ್ಕಳನ್ನೂ ಅವರ ತಂದೆತಾಯಿಯರನ್ನೂ ಒಂದು ಶಾಲಾವರ್ಷದುದ್ದಕ್ಕೂ ನೋಡಿ ಎರಿನ್ ಮಲೋನಿ ಮತ್ತು ಸಂಗಡಿಗರು 2015ರಲ್ಲಿ ‘ಸೈಕಲಾಜಿಕಲ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಗಣಿತವೆಂದರೆ ಹೆದರುವ ತಂದೆತಾಯಿಯರ ಮಕ್ಕಳು ಆ ವರ್ಷ ಗಣಿತವನ್ನು ಕಡಿಮೆ ಕಲಿತರು, ವರ್ಷದ ಕೊನೆಗೆ ಅವರಲ್ಲೂ ಗಣಿತದ ಭಯ ಹೆಚ್ಚಿತ್ತು. ಆದರೆ ಹೀಗಾದದ್ದು ಆ ತಂದೆತಾಯಿಯರು ಹೋಂವರ್ಕಿಗೆ ಪದೇ ಪದೇ ನೆರವಾಗುತ್ತಿದ್ದ ಮನೆಗಳಲ್ಲಿ ಮಾತ್ರ. ಹೆದರಿಕೆಯಿದ್ದೂ ಅಷ್ಟಾಗಿ ಕೈಹಾಕದವರ ಮಕ್ಕಳಿಗೆ ಏನೂ ಆಗಲಿಲ್ಲ. ಹಿಂದುಳಿದ ಮಗುವಿಗೇ ಹೆಚ್ಚು ನೆರವು ಸಿಗುವುದು ಸಹಜ, ಕಾರಣ ಕಾರ್ಯ ತಿರುಗುಮುರುಗಾಗಿರಬಹುದು ಎನ್ನುವ ಅನುಮಾನ ನ್ಯಾಯವಾದದ್ದೇ. ವರ್ಷದ ಆರಂಭದಲ್ಲಿ ಮಗು ಇದ್ದ ಮಟ್ಟವನ್ನೂ ಲೆಕ್ಕಕ್ಕೆ ಹಿಡಿದೇ ಅವರು ಈ ಮಾತಿಗೆ ಬಂದದ್ದರಿಂದ ಆ ಅನುಮಾನದ ಬಿಸಿ ತಗ್ಗುತ್ತದೆ, ಪೂರಾ ಆರುವುದಿಲ್ಲ. ಹೋಂವರ್ಕಿನ ಸಂಶೋಧನೆಗಳನ್ನೆಲ್ಲ ಒಟ್ಟಿಗೆ ಇಟ್ಟು ತೂಗಿದ ಹ್ಯಾರಿಸ್ ಕೂಪರ್ ಕೂಡ, ಕೆಳಗಿನ ತರಗತಿಗಳಲ್ಲಿ ಹೋಂವರ್ಕಿಗೂ ಕಲಿಕೆಗೂ ಇರುವ ನಂಟು ಬಹಳ ದುರ್ಬಲ, ಪ್ರೌಢಶಾಲೆಯಲ್ಲಷ್ಟೇ ಅದು ಗಟ್ಟಿಯಾಗುತ್ತದೆ ಎಂದು 2006ರಲ್ಲಿ ತೋರಿಸಿದರು. ಇಷ್ಟು ತೆಳ್ಳಗಿನ ಲಾಭಕ್ಕಾಗಿ ಇಷ್ಟೊಂದು ಕಣ್ಣೀರು ಏಕೆ ಎಂದು ಕೇಳುವ ಹಕ್ಕು ಮಗುವಿಗಿದೆ.

ಇನ್ನು ಕರುಣೆಯ ಕಡೆಯಿಂದ ಬರುವ ಆಕ್ಷೇಪ. ಏಳು ವರ್ಷದ ಕೂಸನ್ನು ‘ನೀನೇ ಕಂಡುಕೋ’ ಎಂದು ಬಿಟ್ಟರೆ ಅದು ತತ್ತ್ವಜ್ಞಾನವಲ್ಲ, ಕಲ್ಲುಮನಸ್ಸು. ನಿಜ. 1976ರಲ್ಲಿ ವುಡ್, ಬ್ರೂನರ್, ರಾಸ್ ಎಂಬ ಮೂವರು ಮೂರರಿಂದ ಐದು ವರ್ಷದ ಮಕ್ಕಳಿಗೆ ಮರದ ತುಂಡುಗಳಿಂದ ಗೋಪುರ ಜೋಡಿಸಲು ನೆರವಾಗುತ್ತ, ನೆರವು ಎಂದರೆ ಏನೇನು ಎಂದು ಗಮನಿಸಿದರು. ಕಟ್ಟಡಕ್ಕೆ ಕಟ್ಟುವ ಸಾರುವೆಯ ಹೋಲಿಕೆ ಶಿಕ್ಷಣದ ಮಾತಿನಲ್ಲಿ ನೆಲೆಯೂರಿದ್ದು ಅಲ್ಲಿಂದ. ಮಗುವಿನ ಕೈಯಲ್ಲಿ ಆಗುವಷ್ಟನ್ನು ಅದಕ್ಕೇ ಬಿಡುವುದು, ಆಗದಿದ್ದಾಗ ಕೆಲಸವನ್ನು ಚಿಕ್ಕದು ಮಾಡಿಕೊಡುವುದು, ಕೈಚೆಲ್ಲದಂತೆ ನೋಡಿಕೊಳ್ಳುವುದು ಅವರು ಕಂಡ ಕ್ರಮ. ಹತ್ತು ಲೆಕ್ಕವನ್ನು ಮೂರಕ್ಕೆ ಇಳಿಸಿ ‘ಮೊದಲು ಇದಿಷ್ಟು’ ಎನ್ನುವುದು, ಪ್ರಶ್ನೆಯನ್ನು ಜೋರಾಗಿ ಓದಿ ಹೇಳುವುದು, ನಿದ್ದೆ ಬಂದ ಮಗುವನ್ನು ಮಲಗಿಸಿ ‘ಇವತ್ತು ಆಗಲಿಲ್ಲ’ ಎಂದು ಡೈರಿಯಲ್ಲಿ ಬರೆದು ಸಹಿ ಹಾಕುವುದು ಎಲ್ಲವೂ ನೆರವೇ. ಇವುಗಳಲ್ಲಿ ಕೊನೆಯದಕ್ಕೆ ಎಲ್ಲಕ್ಕಿಂತ ಹೆಚ್ಚು ಧೈರ್ಯ ಬೇಕು.

ಇದಕ್ಕಿಂತ ತೂಕದ ಆಕ್ಷೇಪವೊಂದಿದೆ. ಈ ವಿಚಾರವೆಲ್ಲ ಓದಿದವರ ಮನೆಯದು. ಗಾರ್ಮೆಂಟ್ಸ್ ಕೆಲಸ ಮುಗಿಸಿ ಬಂದ, ಅಕ್ಷರ ಬಾರದ ತಾಯಿ ಏನು ಮಾಡಬೇಕು? ಮನೆಯಲ್ಲಿ ಕನ್ನಡವೋ ತುಳುವೋ ಉರ್ದುವೋ ಲಂಬಾಣಿಯೋ ಆಡುವ ಮಗು ಇಂಗ್ಲಿಷ್ ಮಾಧ್ಯಮದ ಪುಸ್ತಕ ತಂದರೆ ಯಾರನ್ನು ಕೇಳಬೇಕು? ನೆರವೆಂದರೆ ಉತ್ತರ ಕೊಡುವುದು ಎಂದಾದರೆ ಆ ತಾಯಿಗೆ ಕೊಡಲು ಏನೂ ಇಲ್ಲ, ಟ್ಯೂಷನ್ನಿಗೆ ಸಂಬಳ ಸುರಿಯುವುದೊಂದೇ ದಾರಿ. ನೆರವೆಂದರೆ ‘ಹೇಗೆ ಮಾಡಿದೆ, ನನಗೂ ಹೇಳು’ ಎಂದು ಕೇಳಿ ಕಿವಿಗೊಡುವುದು ಎಂದಾದರೆ ಅವಳಿಗಿಂತ ಪ್ರಾಮಾಣಿಕವಾಗಿ ಕೇಳಬಲ್ಲವರಿಲ್ಲ, ಏಕೆಂದರೆ ಅವಳಿಗೆ ನಿಜವಾಗಿಯೂ ಗೊತ್ತಿಲ್ಲ. ಇಷ್ಟು ಹೇಳಿ ಅಸಮಾನತೆ ಕರಗಿತು ಎಂದರೆ ಅದು ಮೋಸ. ಮಗು ತಪ್ಪು ದಾರಿಯಲ್ಲಿದ್ದಾಗ ಅದನ್ನು ಹಿಡಿಯಲು ಆ ಮನೆಯಲ್ಲಿ ಯಾರೂ ಇಲ್ಲ, ಆ ಹೊರೆ ಶಾಲೆಯದು. ಮೈಸೂರಿನ ಆರ್.ಕೆ. ನಾರಾಯಣ್ ರಾಜ್ಯಸಭೆಯಲ್ಲಿ ಶಾಲಾಚೀಲದ ಭಾರದ ಬಗ್ಗೆ ಆಡಿದ ಮಾತು ಹಲವರ ಕಿವಿಗೆ ಬಿತ್ತು, ಯಶ್‌ಪಾಲ್ ಸಮಿತಿ 1993ರಲ್ಲಿ ಅರ್ಥವಾಗದಿರುವುದೇ ನಿಜವಾದ ಹೊರೆ ಎಂದಿತು. 2020ರ ಶಾಲಾಚೀಲ ನೀತಿ ಎರಡನೆಯ ತರಗತಿಯವರೆಗೆ ಹೋಂವರ್ಕ್ ಬೇಡ, ಮೂರರಿಂದ ಐದರವರೆಗೆ ವಾರಕ್ಕೆ ಎರಡು ಗಂಟೆ ಮೀರಬಾರದು ಎನ್ನುತ್ತದೆ. ವಾರಕ್ಕೆ ಎರಡು ಗಂಟೆ! ಎಷ್ಟೋ ಮನೆಗಳಲ್ಲಿ ಅದು ಸೋಮವಾರವೇ ಖರ್ಚಾಗಿರುತ್ತದೆ.

ಇನ್ನೊಂದು ಹಳೆಯ ಸುಭಾಷಿತವು ಕಲಿಕೆಯನ್ನು ನಾಲ್ಕು ಪಾಲು ಮಾಡುತ್ತದೆ. ಕಾಲುಭಾಗ ಗುರುವಿನಿಂದ, ಕಾಲುಭಾಗ ಸ್ವಂತ ಬುದ್ಧಿಯಿಂದ, ಕಾಲುಭಾಗ ಜೊತೆಯ ವಿದ್ಯಾರ್ಥಿಗಳಿಂದ, ಉಳಿದ ಕಾಲುಭಾಗ ಕಾಲ ಕಳೆದಂತೆ. ತಂದೆತಾಯಿಗೆ ಅದರಲ್ಲಿ ಪಾಲೇ ಇಲ್ಲ ಎಂಬುದು ಹಾಗಿರಲಿ, ನಾಲ್ಕನೆಯ ಪಾಲನ್ನು ರಾತ್ರಿ ಒಂಬತ್ತರ ಹೊತ್ತಿಗೆ ಯಾರೂ ನೆನೆಯುವುದಿಲ್ಲ. ತೈತ್ತಿರೀಯ ಉಪನಿಷತ್ತಿನ ವರುಣ ತಂದೆಯೂ ಹೌದು, ಗುರುವೂ ಹೌದು. ಮಗ ಭೃಗು ಬಂದು ಬ್ರಹ್ಮವನ್ನು ಹೇಳಿಕೊಡು ಎನ್ನುತ್ತಾನೆ. ವರುಣ ಬರಿಗೈಯಲ್ಲಿ ಅಟ್ಟುವುದಿಲ್ಲ. ಅನ್ನ, ಪ್ರಾಣ, ಕಣ್ಣು, ಕಿವಿ, ಮನಸ್ಸು, ಮಾತು ಎಂದು ಕೆಲವನ್ನು ಮುಂದಿಡುತ್ತಾನೆ, ಹುಡುಕಬೇಕಾದದ್ದರ ಗುರುತನ್ನೂ ಹೇಳುತ್ತಾನೆ, ಆಮೇಲೆ ತಪಸ್ಸು ಮಾಡು ಎನ್ನುತ್ತಾನೆ. ಭೃಗು ಅನ್ನವೇ ಬ್ರಹ್ಮ ಎಂದು ತಿಳಿದು ಮರಳಿ ಬರುತ್ತಾನೆ. ಅಪ್ಪ ತಪ್ಪು ಎನ್ನುವುದಿಲ್ಲ, ಸರಿ ಎನ್ನುವುದೂ ಇಲ್ಲ, ಮತ್ತೆ ತಪಸ್ಸಿಗೇ ಕಳಿಸುತ್ತಾನೆ. ಪ್ರಾಣ ಎಂದು ತಿಳಿದು ಬರುತ್ತಾನೆ, ಮನಸ್ಸು ಎಂದು, ವಿಜ್ಞಾನ ಎಂದು. ನಾಲ್ಕು ಸಲ ಮರಳಿದಾಗಲೂ ವರುಣ ಇದ್ದಲ್ಲೇ ಇದ್ದಾನೆ, ಬೇಸರಿಸಿಲ್ಲ, ಉತ್ತರವನ್ನು ಬಾಯಿಗೆ ಹಾಕಿಲ್ಲ. ಐದನೆಯ ಸಲ ಭೃಗು ಆನಂದವೇ ಬ್ರಹ್ಮ ಎಂದು ಅರಿಯುತ್ತಾನೆ. ಆಮೇಲೆ ಅಪ್ಪನ ಬಳಿಗೆ ಬಂದ ಎಂಬ ಮಾತು ಅಲ್ಲಿಲ್ಲ.